ಎಷ್ಟು ಟನ್ ಸ್ಟೀಲ್ ಅಂತ ಕೇಳೋಕೆ ಮುಂಚೆ

ಮೊನ್ನೆ ಒಬ್ಬರು ಫೋನ್ ಮಾಡಿದ್ರು. ಪರಿಚಯ ಹೇಳಿಕೊಂಡು ನೇರ ವಿಷಯಕ್ಕೇ ಬಂದ್ರು. "ಮೇಡಂ, 30 ಮೀಟರ್ ಅಗಲ, 60 ಮೀಟರ್ ಉದ್ದ, 8 ಮೀಟರ್ ಎತ್ತರ. ಎಷ್ಟು ಟನ್ ಸ್ಟೀಲ್ ಬೀಳುತ್ತೆ ಹೇಳಿ, ಅಂದಾಜು ಸಾಕು." ಇಷ್ಟು ವರ್ಷ ಸ್ಟೀಲ್ ಬಿಲ್ಡಿಂಗ್ ಡಿಸೈನ್ ಮಾಡಿದ್ರಲ್ಲಿ ಮೊದಲ ಫೋನ್ ಹೆಚ್ಚುಕಮ್ಮಿ ಯಾವಾಗ್ಲೂ ಹೀಗೇನೆ, ಉದ್ದ ಅಗಲ ಎತ್ತರ, ಆಮೇಲೆ ಟನ್. ನಾನು ಟನ್ ಹೇಳಲಿಲ್ಲ, ಒಳಗಡೆ ಏನಿಡ್ತೀರಾ ಅಂತ ಕೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯ್ತು ಅನ್ಸುತ್ತೆ, "ಅದು ಆಮೇಲೆ ನೋಡ್ಕೊಳ್ಳೋಣ, ಮೊದಲು ಶೆಡ್ ಎದ್ದು ನಿಲ್ಲಲಿ" ಅಂದ್ರು. ಆ ಮಾತು ಕೇಳಿದ ಮೇಲೆ ಫೋನ್ ಇಡೋಕೆ ಮನಸ್ಸು ಬರಲಿಲ್ಲ, ಒಂದೂವರೆ ಗಂಟೆ ಮಾತಾಡಿದ್ವಿ. ಅವತ್ತು ಹೇಳಿದ್ದು, ಹೇಳೋಕೆ ಬಿಟ್ಟಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೀತಿದೀನಿ, ಯಾಕಂದ್ರೆ ಇದೇ ಪ್ರಶ್ನೆ ಇಟ್ಕೊಂಡು ಕೂತಿರೋರು ತುಂಬಾ ಜನ ಇದಾರೆ ಅಂತ ನನಗೆ ಗೊತ್ತು.

ಕಾಂಕ್ರೀಟ್ ಕಟ್ಟಡದಲ್ಲಿ ಕೆಲಸ ನಡೀತಾ ಇರೋವಾಗ್ಲೇ ಕಿಟಕಿ ಒಂದಡಿ ಆಚೆ ಜರುಗಿಸಬಹುದು, ಗೋಡೆ ಒಡೆದು ಮತ್ತೆ ಕಟ್ಟಬಹುದು, ಎಷ್ಟೋ ನಿರ್ಧಾರ ಸೈಟಲ್ಲೇ ಆಗುತ್ತೆ. ಸ್ಟೀಲ್ ಹಾಗಲ್ಲ. ಕಾಲಂ ಅಂದ್ರೆ ಕಂಬ, ಅದರ ಮೇಲೆ ಇಳಿಜಾರಾಗಿ ಕೂರೋ ರಾಫ್ಟರ್, ರಾಫ್ಟರಿಂದ ರಾಫ್ಟರಿಗೆ ಅಡ್ಡ ಹೋಗಿ ಶೀಟ್ ಹೊರೋ ಪರ್ಲಿನ್, ಎಲ್ಲಾ ಫ್ಯಾಕ್ಟರಿಯಲ್ಲೇ ಕಟ್ ಆಗಿ, ಡ್ರಿಲ್ ಆಗಿ, ಪೇಂಟ್ ಆಗಿ, ಮೈಮೇಲೆ ನಂಬರ್ ಬರೆಸಿಕೊಂಡು ಲಾರಿ ಹತ್ತುತ್ವೆ. ಸಾಮಾನ್ಯ ಬೋಲ್ಟಿಗೆ ಕೊಡೋ ತೂತು ಬೋಲ್ಟಿಗಿಂತ ಬರೀ 2 ಮಿಲಿಮೀಟರ್ ದೊಡ್ಡದು. ಅಂದ್ರೆ ಸೈಟಿಗೆ ಬಂದ ಮೇಲೆ ನಮ್ಮ ಕೈಯಲ್ಲಿ ಉಳಿದಿರೋದು ಅಷ್ಟೇ ಜಾಗ. ಅದಕ್ಕೇ ಸ್ಟೀಲ್ ಬಿಲ್ಡಿಂಗಲ್ಲಿ ಪ್ಲಾನಿಂಗ್ ಅನ್ನೋದು ಡಿಸೈನಿಗೆ ಮುಂಚಿನ ಶಾಸ್ತ್ರ ಅಲ್ಲ, ಡಿಸೈನಿನ ಮುಕ್ಕಾಲು ಪಾಲು ಅದೇ. ಲೆಕ್ಕ ಮಾಡೋಕೆ ಸಾಫ್ಟ್‌ವೇರ್ ಇದೆ, ಆದ್ರೆ ಬಾಗಿಲು ಎಲ್ಲಿ ಬರುತ್ತೆ ಅಂತ ಸಾಫ್ಟ್‌ವೇರಿಗೆ ಯಾರಾದ್ರೂ ಹೇಳಬೇಕಲ್ಲ.

ಸರಿ, ಒಳಗಡೆ ಏನಿಡ್ತೀರಾ ಅಂತ ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಬಂತು. ಮುಂದುಗಡೆ ಶೋರೂಮ್, ಹಿಂದುಗಡೆ ಗೋಡೌನ್, ಗೋಡೌನಲ್ಲಿ ರ‍್ಯಾಕ್, ಫೋರ್ಕ್‌ಲಿಫ್ಟ್ ಓಡಾಡುತ್ತೆ. "ನಡುವೆ ಒಂದೂ ಕಂಬ ಇರಬಾರದು" ಅಂದ್ರು. ಇದನ್ನ ಎಲ್ಲರೂ ಕೇಳ್ತಾರೆ, ಕೇಳೋದ್ರಲ್ಲಿ ತಪ್ಪೂ ಇಲ್ಲ, ಸ್ಟೀಲಿನ ದೊಡ್ಡ ಲಾಭವೇ ಅದು. ಆದ್ರೆ ಅದಕ್ಕೆ ಏನು ಕೊಡ್ತಿದೀವಿ ಅಂತ ಗೊತ್ತಿರಬೇಕು. ಒಂದು ಬೀಮಿನ ಉದ್ದ ಎರಡು ಪಟ್ಟು ಮಾಡಿದ್ರೆ, ಮೀಟರಿಗೆ ಅಷ್ಟೇ ಭಾರ ಇದ್ರೂ, ಅದನ್ನ ಬಗ್ಗಿಸೋ ಬಲ ನಾಲ್ಕು ಪಟ್ಟಾಗುತ್ತೆ, ಅದೇ ಸೈಜಿನ ಬೀಮ್ ಉಳಿಸಿಕೊಂಡ್ರೆ ಅದು ಜೋತು ಬೀಳೋದು ಹದಿನಾರು ಪಟ್ಟು. ಹಾಗಾಗಿ 30 ಮೀಟರ್ ಒಂದೇ ನೆಗೆತಕ್ಕೆ ದಾಟೋದಕ್ಕೂ, ನಡುವೆ ಒಂದು ಕಾಲಂ ಕೊಟ್ಟು 15 ಮೀಟರಿನ ಎರಡು ಹೆಜ್ಜೆಯಲ್ಲಿ ದಾಟೋದಕ್ಕೂ ಅಜಗಜಾಂತರ.

ಅವರಿಗೆ ಹೇಳಿದೆ, ರ‍್ಯಾಕ್ ಲೇಔಟ್ ಮೊದಲು ಹಾಕಿಸಿ. ಗೋಡೌನಲ್ಲಿ ರ‍್ಯಾಕುಗಳನ್ನ ಬೆನ್ನಿಗೆ ಬೆನ್ನು ತಾಗಿಸಿ ಜೋಡಿ ಜೋಡಿಯಾಗಿ ನಿಲ್ಲಿಸ್ತಾರೆ, ಆ ಎರಡು ಬೆನ್ನಿನ ನಡುವೆ ಒಂದು ಸಂದು ಇರುತ್ತೆ. ಕಾಲಂ ಸಾಲನ್ನ ಆ ಸಂದಿಗೆ ಕೂರಿಸಿದ್ರೆ ಫೋರ್ಕ್‌ಲಿಫ್ಟ್ ಓಡಿಸೋನಿಗೆ ಕಂಬ ಇದೆ ಅಂತ ಗೊತ್ತೇ ಆಗಲ್ಲ. ಶೋರೂಮ್ ಭಾಗಕ್ಕೆ ಬೇಕಾದ್ರೆ ನಡುವೆ ಕಂಬ ಇಲ್ಲದ ಫ್ರೇಮ್, ಅಂದ್ರೆ ಎರಡು ತುದಿಗೆ ಕಾಲಂ ಮೇಲೆ ರಾಫ್ಟರ್ ಸೇರಿದ ಚೌಕಟ್ಟು, ಕೊಡೋಣ, ಅಲ್ಲಿ ಜನ ಓಡಾಡ್ತಾರೆ, ಕಣ್ಣಿಗೆ ಬಯಲು ಬೇಕು. ಒಂದೇ ಬಿಲ್ಡಿಂಗಲ್ಲಿ ಎರಡು ಥರ ಫ್ರೇಮ್ ಇರಬಾರದು ಅಂತ ಯಾರೂ ಕಾನೂನು ಮಾಡಿಲ್ಲ. ಆದ್ರೆ ಈ ರ‍್ಯಾಕ್ ಲೇಔಟು ಶೆಡ್ ಎದ್ದ ಮೇಲೆ ಬಂದ್ರೆ ಕಾಲಂ ಸರಿಯಾಗಿ ಫೋರ್ಕ್‌ಲಿಫ್ಟ್ ದಾರಿ ಮಧ್ಯದಲ್ಲೇ ಇರುತ್ತೆ, ನಾನು ಅಂಥ ಗೋಡೌನ್ ನೋಡಿದೀನಿ, ಕಾಲಂ ಸುತ್ತ ಹಳದಿ ಕಪ್ಪು ಪಟ್ಟಿ ಬಳಿದು, ಅದಕ್ಕೂ ಗುದ್ದಿ ಗುದ್ದಿ ಕಾಲಮ್ಮಿನ ಅಂಚಿನ ಪಟ್ಟಿ, ಅಂದ್ರೆ ಫ್ಲಾಂಜ್, ತಗ್ಗು ಬಿದ್ದಿತ್ತು.

ಮುಂದಿನ ಪ್ರಶ್ನೆ, ಮೇಲಿಂದ ಏನು ನೇತಾಕ್ತೀರಾ. "ಏನಿಲ್ಲ, ಲೈಟು ಅಷ್ಟೇ" ಅಂದ್ರು ಮೊದಲು. ಸೋಲಾರ್ ಹಾಕಿಸ್ತೀರಾ? ಹಾಕಿಸಬಹುದು. ಶೋರೂಮಿಗೆ ಫಾಲ್ಸ್ ಸೀಲಿಂಗ್? ಹೌದು. ಎಸಿ ಡಕ್ಟ್? ಹೌದು. ಬೆಂಕಿ ಆರಿಸೋ ಸ್ಪ್ರಿಂಕ್ಲರ್ ಪೈಪ್? ಅದು ಕಡ್ಡಾಯ ಅಂತ ಹೇಳ್ತಿದಾರೆ. ನೋಡಿ, ಐದು ನಿಮಿಷದಲ್ಲಿ ಏನಿಲ್ಲ ಅನ್ನೋದು ಎಷ್ಟಾಯ್ತು ಅಂತ. ಸೋಲಾರ್ ಪ್ಯಾನಲ್ಲು ಅದರ ಸ್ಟ್ಯಾಂಡು ಸೇರಿ ಚದರ ಮೀಟರಿಗೆ ಸುಮಾರು 15 ಕೆಜಿ ಅಂದುಕೊಳ್ಳಿ, ಉಳಿದಿದ್ದೆಲ್ಲಾ ಸೇರಿ ಇನ್ನೊಂದು 10. ಬರೀ 25 ಕೆಜಿ ಅನ್ಸುತ್ತೆ. ಫ್ರೇಮಿಂದ ಫ್ರೇಮಿಗೆ 7.5 ಮೀಟರ್ ಇಟ್ರೆ ಒಂದೊಂದು ಫ್ರೇಮೂ 225 ಚದರ ಮೀಟರ್ ಚಾವಣಿ ಹೊರುತ್ತೆ, 25 ಕೆಜಿ ಅಂದ್ರೆ ಒಂದು ಫ್ರೇಮ್ ಮೇಲೆ 5.6 ಟನ್, ಇಡೀ ಚಾವಣಿ ಮೇಲೆ 45 ಟನ್. ಶೀಟು, ಪರ್ಲಿನ್ನು, ಅದರ ಸ್ವಂತ ತೂಕಕ್ಕಿಂತ ಜಾಸ್ತಿ ಭಾರನ ನಾವು "ಲೈಟು ಅಷ್ಟೇ" ಅಂತ ಬಿಟ್ಟುಬಿಡ್ತಿದ್ವಿ. ಡಿಸೈನಿನಲ್ಲಿ ಇದಕ್ಕೆ ಕೊಲ್ಯಾಟರಲ್ ಲೋಡ್ ಅಂತಾರೆ, ಕೊಟೇಶನ್ ಹಾಳೆಯಲ್ಲಿ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಇರುತ್ತೆ, ಎಷ್ಟೋ ಸಲ ಅಲ್ಲಿ ಸೊನ್ನೆ ಇರುತ್ತೆ. ದಯವಿಟ್ಟು ಆ ಅಂಕಿ ಹುಡುಕಿ ನೋಡಿ.

ಇನ್ನೊಂದು ಸಣ್ಣ ವಿಷಯ, ಆದ್ರೆ ನನಗೆ ಸಣ್ಣದಲ್ಲ. ಪರ್ಲಿನ್ ಅಂದ್ರೆ 2 ಮಿಲಿಮೀಟರ್ ಆಸುಪಾಸಿನ ತೆಳು ತಗಡನ್ನ ಜೆಡ್ ಆಕಾರಕ್ಕೆ ಮಡಚಿದ್ದು. ಪೈಪ್ ಕೆಲಸದೋರು ಬಂದು ಅದರ ಕೆಳ ತುಟಿಗೆ ಒಂದು ಕ್ಲ್ಯಾಂಪ್ ಕಚ್ಚಿಸಿ ನೀರು ತುಂಬಿದ ಪೈಪ್ ನೇತಾಕಿ ಹೋಗ್ತಾರೆ, ಆ ತುಟಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತೆ, ಪರ್ಲಿನ್ ತಿರುಚಿಕೊಳ್ಳುತ್ತೆ. ನೇತಾಕೋದಿದ್ರೆ ನಿಂತ ಭಾಗಕ್ಕೆ, ಅಂದ್ರೆ ವೆಬ್ಬಿಗೆ, ತೂತು ಹೊಡೆದು ಬೋಲ್ಟ್ ಹಾಕಿ ನೇತಾಕಬೇಕು. ಆ ತೂತುನೂ ಫ್ಯಾಕ್ಟರಿಯಲ್ಲೇ ಹೊಡೆಸಿದ್ರೆ ಒಳ್ಳೇದು, ಅದಕ್ಕೆ ಪೈಪ್ ಲೇಔಟ್ ಮೊದಲೇ ಬೇಕು.

ಈಗ ಗಾಳಿ. ನಮ್ಮ ಜನಕ್ಕೆ ಚಾವಣಿ ಅಂದ ತಕ್ಷಣ ಕುಸಿಯೋ ಭಯ, ಹಾರೋ ಭಯ ಇಲ್ಲ. ಸ್ಟೀಲ್ ಶೆಡ್ಡಿನ ಚಾವಣಿ ಎಷ್ಟು ಹಗುರ ಅಂದ್ರೆ ಶೀಟು, ಪರ್ಲಿನ್ನು, ರಾಫ್ಟರ್ ಸೇರಿ ಚದರ ಮೀಟರಿಗೆ ಒಂದು 25 ಕೆಜಿ ಇರಬಹುದು. ಗಾಳಿ ಸೆಕೆಂಡಿಗೆ 40 ಮೀಟರ್ ಬೀಸಿದ್ರೆ, ಅಂದ್ರೆ ಗಂಟೆಗೆ 144 ಕಿಲೋಮೀಟರ್, ಅದರ ಒತ್ತಡ ಚದರ ಮೀಟರಿಗೆ ಸುಮಾರು 98 ಕೆಜಿ. ಆ ಗಾಳಿ ಚಾವಣಿ ಮೇಲೆ ಹರಿದು ಹೋಗೋವಾಗ ಒತ್ತಲ್ಲ, ಮೇಲಕ್ಕೆ ಹೀರುತ್ತೆ. ಅದೇ ಹೊತ್ತಿಗೆ ಗಾಳಿ ಬರೋ ಕಡೆ ದೊಡ್ಡ ಬಾಗಿಲು ತೆರೆದಿದ್ರೆ ಒಳಗೆ ನುಗ್ಗಿದ ಗಾಳಿ ಕೆಳಗಿಂದ ನೂಕುತ್ತೆ. ಮೇಲಿಂದ ಎಳೆತ, ಕೆಳಗಿಂದ ತಳ್ಳು. ಲೆಕ್ಕಕ್ಕೆ ಎರಡೂ ಸೇರಿ 100 ಅಂತಲೇ ಇಟ್ಕೊಂಡ್ರೂ, ಸ್ವಂತ ತೂಕ 25 ಕಳೆದು 75 ಕೆಜಿ ಮೇಲಕ್ಕೆ ಎಳೀತಿರುತ್ತೆ, ಒಂದು ಫ್ರೇಮಿಗೆ ಹತ್ತಿರ ಹತ್ತಿರ 17 ಟನ್, ಒಂದು ಕಾಲಮ್ಮಿಗೆ ಎಂಟೂವರೆ ಟನ್. ಈ ಎಂಟೂವರೆ ಟನ್ನನ್ನ ನೆಲದಲ್ಲಿ ಹಿಡಿದಿಡೋದು ಯಾರು? ಫುಟ್ಟಿಂಗಿನ, ಅಂದ್ರೆ ಕಾಲಂ ಕೆಳಗೆ ನೆಲದೊಳಗಿರೋ ಕಾಂಕ್ರೀಟ್ ಪಾದದ ತೂಕ, ಅದರ ಮೇಲಿನ ಮಣ್ಣಿನ ತೂಕ. ಒಂದು ಘನ ಮೀಟರ್ ಕಾಂಕ್ರೀಟ್ 2.4 ಟನ್ ಅಷ್ಟೇ. ಶೆಡ್ ಹಗುರ, ಫೌಂಡೇಶನ್ ಯಾಕೆ ಇಷ್ಟು ದಪ್ಪ, ಉಳಿಸೋಣ ಅಂತ ಹೇಳೋರಿಗೆ ನಾನು ಈ ಲೆಕ್ಕನ ಅವರ ಮುಂದೇನೇ ಪೇಪರ್ ಮೇಲೆ ಮಾಡಿ ತೋರಿಸ್ತೀನಿ.

ಚಾವಣಿಯ ಅಂಚು, ಮೂಲೆಗಳಲ್ಲಿ ಈ ಹೀರುವಿಕೆ ಇನ್ನೂ ಜೋರು, ಶೀಟ್ ಕಿತ್ತು ಹೋಗೋದು ಯಾವಾಗ್ಲೂ ಅಲ್ಲಿಂದಲೇ ಶುರು. ಅದಕ್ಕೇ ಅಂಚಿನ ಬೇಗಳಲ್ಲಿ, ಬೇ ಅಂದ್ರೆ ಒಂದು ಫ್ರೇಮಿಂದ ಪಕ್ಕದ ಫ್ರೇಮಿನ ತನಕದ ಜಾಗ, ಪರ್ಲಿನ್ ಹತ್ತಿರ ಹತ್ತಿರ ಬರುತ್ತೆ, ಸ್ಕ್ರೂ ಜಾಸ್ತಿ ಬರುತ್ತೆ. ಎಲ್ಲಾ ಕಡೆ ಒಂದೇ ಸಮ ಸ್ಕ್ರೂ ಹೊಡೆದಿರೋ ಚಾವಣಿ ನೋಡಿದ್ರೆ ನನಗೆ ಕಸಿವಿಸಿ ಆಗುತ್ತೆ.

ಬಾಗಿಲಿನ ಮಾತು ಬಂದಿದ್ದಕ್ಕೆ ಬ್ರೇಸಿಂಗ್ ಬಗ್ಗೆ ಹೇಳ್ಲೇಬೇಕು. ಫ್ರೇಮ್ ಅಗಲದ ದಿಕ್ಕಿಗೆ ಗಟ್ಟಿ ಇರುತ್ತೆ, ಉದ್ದದ ದಿಕ್ಕಿಗೆ ಅದನ್ನ ಹಿಡಿದಿಡೋದು ಎರಡು ಕಾಲಂ ನಡುವೆ ಎಕ್ಸ್ ಆಕಾರದಲ್ಲಿ ಹೋಗೋ ರಾಡುಗಳು. ಇಡೀ ಬಿಲ್ಡಿಂಗಿಗೆ ಎರಡೋ ಮೂರೋ ಬೇಗಳಲ್ಲಿ ಮಾತ್ರ ಇರುತ್ತೆ, ಬೆರಳು ಗಾತ್ರದ್ದೋ ಹೆಬ್ಬೆರಳು ಗಾತ್ರದ್ದೋ ಕಡ್ಡಿ, ನೋಡೋಕೆ ಏನೂ ಅಲ್ಲ. ಕೆಲವು ವರ್ಷದ ಹಿಂದೆ ಒಂದು ಹಳೇ ಶೆಡ್ಡಿಗೆ ಮೆಜನೈನ್, ಅಂದ್ರೆ ಒಳಗೆ ಒಂದು ಭಾಗಕ್ಕೆ ನಡು ಮಹಡಿ, ಸೇರಿಸಬೇಕು ಅಂತ ಕರೆದಿದ್ರು, ಒಳಗೆ ಹೋಗಿ ಸುತ್ತ ನೋಡಿದ್ರೆ ಒಂದು ಬೇನಲ್ಲಿ ರಾಡ್ ಹಿಡಿಯೋ ಗಸೆಟ್ ಪ್ಲೇಟಿದೆ, ಅದಕ್ಕೆ ಅಂಟಿಕೊಂಡು ಒಂದು ಗೇಣುದ್ದ ರಾಡಿದೆ, ತುದಿ ಗ್ಯಾಸ್ ಕಟರಲ್ಲಿ ಕತ್ತರಿಸಿದ ಗುರುತು, ಆ ಜಾಗದಲ್ಲಿ ಒಂದು ಹೊಸ ಶಟರ್. ಕೇಳಿದ್ರೆ "ಲಾರಿ ಹಿಂದೆ ಬರೋಕೆ ಅಡ್ಡ ಬರ್ತಿತ್ತು, ಸಡಿಲ ಬೇರೆ ಇತ್ತು, ಸುಮ್ನೆ ಇದೆ ಅಂತ ತೆಗೆಸಿದ್ವಿ" ಅಂದ್ರು. ಆ ಕಡೆ ಗೋಡೆಗೆ ಇದ್ದಿದ್ದು ಅದೊಂದೇ ಬ್ರೇಸಿಂಗ್ ಬೇ. ಮೆಜನೈನ್ ಮಾತು ಬದಿಗಿಟ್ಟು ಅವತ್ತೇ ಪಕ್ಕದ ಬೇನಲ್ಲಿ ಹೊಸ ಬ್ರೇಸಿಂಗ್ ಹಾಕಿಸೋ ಡ್ರಾಯಿಂಗ್ ಬರೆದುಕೊಟ್ಟೆ. ಅವರನ್ನ ಬೈಯೋಕೆ ನನಗೆ ಮನಸ್ಸಾಗಲಿಲ್ಲ, ಆ ಕಡ್ಡಿ ಏನು ಕೆಲಸ ಮಾಡುತ್ತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಬಾಗಿಲು ಬೇಕಾಗುತ್ತೆ ಅಂತ ಡಿಸೈನ್ ಮಾಡಿದೋರಿಗೂ ಯಾರೂ ಹೇಳಿರಲಿಲ್ಲ. ಮೊದಲೇ ಹೇಳಿದ್ರೆ ಆ ಬೇನಲ್ಲಿ ಎಕ್ಸ್ ಬದಲು ಬಾಗಿಲಿನ ಚೌಕಟ್ಟಿನ ಥರ ಒಂದು ಪೋರ್ಟಲ್ ಫ್ರೇಮ್ ಕೊಡಬಹುದಿತ್ತು, ಸ್ಟೀಲ್ ಸ್ವಲ್ಪ ಜಾಸ್ತಿ, ಲಾರಿಗೆ ದಾರಿನೂ ಸಿಗುತ್ತೆ.

ಬ್ರೇಸಿಂಗ್ ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗಬೇಕು ಅಂದ್ರೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಒಂದು ತಗೊಂಡು ನಿಲ್ಲಿಸಿ ಮೇಲಿಂದ ಅಂಗೈಯಲ್ಲಿ ಒತ್ತಿ. ಮುರಿಯಲ್ಲ, ಬಿಲ್ಲಿನ ಥರ ಪಕ್ಕಕ್ಕೆ ಬಾಗುತ್ತೆ. ಈಗ ಇನ್ನೊಬ್ಬರಿಗೆ ಹೇಳಿ ನಡುವೆ ಎರಡು ಬೆರಳಲ್ಲಿ ಹಿಡಿಸಿ ಒತ್ತಿ ನೋಡಿ, ಕೈ ನೋಯುತ್ತೆ ಹೊರತು ಅದು ಬಾಗೋಕೆ ಒಪ್ಪಲ್ಲ. ಹಿಡಿಯದ ಉದ್ದ ಅರ್ಧ ಆದ್ರೆ ಬಾಗದೆ ತಡೆಯೋ ಶಕ್ತಿ ನಾಲ್ಕು ಪಟ್ಟು. ಆ ಎರಡು ಬೆರಳೇ ಬ್ರೇಸಿಂಗು, ಅವು ಹಾಕೋ ಬಲ ತೀರಾ ಕಡಿಮೆ, ಆದ್ರೆ ಅವಿಲ್ಲ ಅಂದ್ರೆ ಏನೂ ಇಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಸಿವಿಕ್ ಸೆಂಟರ್ ಅಂತ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣ, ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಮಾಡಿದ ಸ್ಪೇಸ್ ಫ್ರೇಮ್, ಅಂದ್ರೆ ಕಡ್ಡಿಗಳನ್ನ ಎಲ್ಲಾ ದಿಕ್ಕಿಗೂ ಜಾಲದ ಥರ ಹೆಣೆದ ಚಾವಣಿ, 1978ರ ಜನವರಿ 18ರ ಬೆಳಗಿನ ಜಾವ ಹಿಮದ ಭಾರಕ್ಕೆ ಇಡೀ ಚಾವಣಿ ಕೆಳಗೆ ಬಂತು. ಸಾವಿರಾರು ಜನ ಬ್ಯಾಸ್ಕೆಟ್‌ಬಾಲ್ ನೋಡಿ ಎದ್ದು ಹೋಗಿ ಕೆಲವೇ ಗಂಟೆ ಆಗಿತ್ತು, ಯಾರಿಗೂ ಏನೂ ಆಗಲಿಲ್ಲ. ಮೇಲಿನ ಕಡ್ಡಿಗಳಿಗೆ ನಡುವೆ ಆಸರೆ ಇದೆ ಅಂತ ಲೆಕ್ಕದಲ್ಲಿ ಹಿಡಿದಿದ್ರು, ನಿಜವಾದ ಜೋಡಣೆಯಲ್ಲಿ ಆ ಆಸರೆ ಸರಿಯಾಗಿ ಸಿಕ್ಕಿರಲಿಲ್ಲ. ನನ್ನನ್ನ ಹೆಚ್ಚು ಕಾಡೋದು ಅದಲ್ಲ, ಕಟ್ಟೋವಾಗ್ಲೇ ಚಾವಣಿ ಲೆಕ್ಕಕ್ಕಿಂತ ಹೆಚ್ಚು ಜೋತಿರೋದು ಸೈಟಿನೋರ ಕಣ್ಣಿಗೆ ಬಿದ್ದಿತ್ತು, ಅವರು ಹೇಳಿದ್ರೂ ಕೂಡ, ಯಾರೂ ಕೂತು ಮತ್ತೆ ಲೆಕ್ಕ ನೋಡಲಿಲ್ಲ. ಆದ್ದರಿಂದ ಎರೆಕ್ಷನ್, ಅಂದ್ರೆ ಸೈಟಲ್ಲಿ ಸ್ಟೀಲ್ ನಿಲ್ಲಿಸೋ ಕೆಲಸ ಮಾಡೋ ಹುಡುಗರು ಫೋನ್ ಮಾಡಿ "ಮೇಡಂ, ಇಲ್ಲಿ ಏನೋ ಸರಿ ಕಾಣ್ತಿಲ್ಲ" ಅಂದ್ರೆ ನಾನು ಊಟ ಬಿಟ್ಟಾದ್ರೂ ಎದ್ದು ಹೋಗ್ತೀನಿ.

ಜಾಯಿಂಟ್ ವಿಷಯ. ಬೀಮ್ ಮುರಿದು ಬಿದ್ದ ಬಿಲ್ಡಿಂಗ್ ಕಡಿಮೆ, ಬೀಮ್ ಬೀಮಿಗೆ ಸೇರೋ ಜಾಗದಲ್ಲಿ ಬಿಟ್ಟುಕೊಂಡಿದ್ದು ಜಾಸ್ತಿ. ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಕತೆ ಈ ಕೆಲಸಕ್ಕೆ ಬರೋ ಪ್ರತಿಯೊಬ್ಬರೂ ಓದಬೇಕು. ಲಾಬಿ ಮೇಲೆ ತೂಗುಹಾಕಿದ ನಡೆದಾರಿಗಳು, ನಾಲ್ಕನೇ ಮಹಡಿದು ಮೇಲೆ, ಎರಡನೇ ಮಹಡಿದು ಸರಿಯಾಗಿ ಅದರ ಕೆಳಗೆ. ಮೂಲ ಡ್ರಾಯಿಂಗಲ್ಲಿ ಚಾವಣಿಯಿಂದ ಒಂದೇ ರಾಡ್ ಇಳಿದು ಎರಡನ್ನೂ ಹೊರಬೇಕಿತ್ತು. ಅಷ್ಟುದ್ದದ ರಾಡಿಗೆ ನಟ್ ತಿರುಗಿಸಿ ತರೋದು ಕಷ್ಟ ಅಂತ ಎರಡು ರಾಡ್ ಮಾಡಿದ್ರು, ಒಂದು ಚಾವಣಿಯಿಂದ ನಾಲ್ಕನೇ ಮಹಡಿಗೆ, ಇನ್ನೊಂದು ನಾಲ್ಕನೇ ಮಹಡಿಯ ಬೀಮಿಂದ ಎರಡನೇ ಮಹಡಿಗೆ. ಪೇಪರ್ ಮೇಲೆ ನೋಡಿದ್ರೆ ಏನೂ ವ್ಯತ್ಯಾಸ ಇಲ್ಲ ಅನ್ಸುತ್ತೆ. ಆದ್ರೆ ನಾಲ್ಕನೇ ಮಹಡಿ ಬೀಮಿನ ಕೆಳಗಿರೋ ಆ ನಟ್ಟು ಮೊದಲು ಒಂದು ನಡೆದಾರಿ ಹೊರ್ತಿತ್ತು, ಈಗ ಎರಡೂ ಅದರ ಮೇಲೆ ಬಿತ್ತು. 1981ರ ಜುಲೈ 17ರ ಸಂಜೆ ಲಾಬಿ ತುಂಬಾ ಜನ ಇದ್ದಾಗ ನಟ್ಟು ಬೀಮನ್ನ ಸೀಳಿಕೊಂಡು ಬಂತು. 114 ಜನ ತೀರಿಹೋದ್ರು. ಮೂಲ ಡಿಸೈನೂ ನಿಯಮದ ಪ್ರಕಾರ ಸಾಕಾಗ್ತಿರಲಿಲ್ಲ ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯ್ತು, ಬದಲಾವಣೆ ಅದನ್ನ ಇನ್ನೂ ಹದಗೆಡಿಸಿತ್ತು. ಫ್ಯಾಕ್ಟರಿಗೆ ಹೋಗೋ ಶಾಪ್ ಡ್ರಾಯಿಂಗ್ ಮೇಲೆ ಸೀಲ್ ಹಾಕೋಕೆ ಮುಂಚೆ ನಾನು ಪ್ರತಿ ಜಾಯಿಂಟಿಗೂ ಒಂದೇ ಪ್ರಶ್ನೆ ಕೇಳ್ತೀನಿ, ಈ ಭಾರ ಇಲ್ಲಿಂದ ಎಲ್ಲಿಗೆ ಹೋಗುತ್ತೆ. ಬೆರಳಿಟ್ಟು ನೆಲದ ತನಕ ಎಳೆದು ತೋರಿಸೋಕೆ ಆಗಬೇಕು, ನಡುವೆ ಎಲ್ಲಾದ್ರೂ ಬೆರಳು ನಿಂತ್ರೆ ಡ್ರಾಯಿಂಗ್ ವಾಪಸ್.

ನನ್ನ ಸ್ವಂತ ಅನುಭವದ್ದು ಒಂದು ಹೇಳ್ತೀನಿ, ಜೀವ ಹೋಗೋಂಥದ್ದಲ್ಲ, ಆದ್ರೆ ಇವತ್ತಿಗೂ ಮರೆತಿಲ್ಲ. 24 ಮೀಟರ್ ಅಗಲದ ಬಿಲ್ಡಿಂಗು. ಸಿವಿಲ್ ಕೆಲಸ ಒಬ್ಬರು, ಸ್ಟೀಲ್ ಇನ್ನೊಬ್ಬರು, ಇದು ಸಾಮಾನ್ಯ. ಸ್ಟೀಲ್ ಕಡೆಯೋರ ಲೆಕ್ಕದಲ್ಲಿ 24 ಮೀಟರ್ ಅಂದ್ರೆ ಔಟ್ ಟು ಔಟ್, ಅಂದ್ರೆ ಈ ಕಡೆ ಗೋಡೆ ಶೀಟಿನ ಒಳಮುಖದಿಂದ ಆ ಕಡೆ ಗೋಡೆ ಶೀಟಿನ ಒಳಮುಖದ ತನಕ. ಅದರೊಳಗೆ ಗೋಡೆ ಶೀಟ್ ಹಿಡಿಯೋ ಗರ್ಟ್ ಇದೆ, ಆಮೇಲೆ ಕಾಲಂ, ಕಾಲಮ್ಮಿನ ನಡುವೆ ಬೋಲ್ಟ್. ಸಿವಿಲ್ ಕಡೆಯೋರಿಗೆ 24 ಮೀಟರ್ ಅಂದ್ರೆ ಸೆಂಟರ್ ಟು ಸೆಂಟರ್, ಕಾಲಂ ನಡುವಿಂದ ಕಾಲಂ ನಡುವಿಗೆ, ಅವರು ಜೀವನ ಪೂರ್ತಿ ಹಾಗೇ ಮಾರ್ಕ್ ಮಾಡಿರೋದು. ಡ್ರಾಯಿಂಗಲ್ಲಿ ಬರೀ 24 ಅಂತ ಇತ್ತು. ಕಾಲಂ ಬುಡ ಹಿಡಿಯೋಕೆ ಕಾಂಕ್ರೀಟಲ್ಲಿ ಹೂಳೋ ಆಂಕರ್ ಬೋಲ್ಟಿನ ಪ್ಲಾನ್ ಬರೋಕೆ ತಡ ಆಯ್ತು, ಮಳೆ ಬರುತ್ತೆ ಅಂತ ಸಿವಿಲ್‌ನೋರು ಕಾಯದೆ ಬೋಲ್ಟ್ ಇಟ್ಟು ಕಾಂಕ್ರೀಟ್ ಹಾಕಿಬಿಟ್ರು. ಫೋನಲ್ಲಿ ಕೇಳಿದಾಗ "ಪರ್ಫೆಕ್ಟ್ ಆಗಿದೆ ಮೇಡಂ, ಒಂದು ಮಿಲಿಮೀಟರ್ ಆಚೀಚೆ ಇಲ್ಲ" ಅಂದ್ರು.

ಸ್ಟೀಲ್ ಲೋಡ್ ಆಗೋಕೆ ಎರಡು ದಿನ ಮುಂಚೆ ನಾನು ಸೈಟಿಗೆ ಹೋದೆ. ಟೇಪಿನ ಒಂದು ತುದಿ ಮೇಸ್ತ್ರಿ ಹಿಡಿದ್ರು, ಇನ್ನೊಂದು ನಾನು ಎಳೆದುಕೊಂಡು ಹೋದೆ, ಕಾಲಂ ಕೂರೋ ಗಿಡ್ಡ ಕಾಂಕ್ರೀಟ್ ಕಂಬ, ಅಂದ್ರೆ ಪೆಡೆಸ್ಟಲ್ ಮೇಲೆ ಮಂಡಿಯೂರಿ ಬೋಲ್ಟುಗಳ ನಡುವಿನ ಗೀಟಿಗೆ ಹಿಡಿದು ನೋಡಿದ್ರೆ 24.000. ಅವರು ಹೇಳಿದ್ದು ನಿಜ, ಒಂದು ಮಿಲಿಮೀಟರ್ ಆಚೀಚೆ ಇರಲಿಲ್ಲ. ನನ್ನ ಕೈಯಲ್ಲಿದ್ದ ಪ್ಲಾನಲ್ಲಿ 23.250 ಇರಬೇಕಿತ್ತು. ಮುಕ್ಕಾಲು ಮೀಟರ್. ಎರಡು ಸಲ ಮತ್ತೆ ಅಳೆದೆ, ಮೇಸ್ತ್ರಿ ಮುಖ ನೋಡ್ತಿದ್ರು, ಏನು ಹೇಳಬೇಕು ಅಂತ ಬಾಯಿ ಬರಲಿಲ್ಲ. ರಾಫ್ಟರ್ ಎಲ್ಲಾ ಕಟ್ ಆಗಿ ಪೇಂಟ್ ಆಗಿ ಯಾರ್ಡಲ್ಲಿ ಮಲಗಿತ್ತು. ಕೊನೆಗೆ ಒಂದು ಸಾಲಿನ 7 ಪೆಡೆಸ್ಟಲ್ ಒಡೆದು, ಫುಟ್ಟಿಂಗ್ ಒಳಮುಖಕ್ಕೆ ಅಗಲ ಮಾಡಿ, ಕಂಬಿ ಕೂರಿಸಿ ಮತ್ತೆ ಹಾಕಿದ್ವಿ, ಮೂರು ವಾರ ಹೋಯ್ತು. ಅವತ್ತಿಂದ ನನ್ನ ಯಾವ ಡ್ರಾಯಿಂಗಲ್ಲೂ ಅಳತೆ ಒಂಟಿಯಾಗಿ ಇರಲ್ಲ, ಎಲ್ಲಿಂದ ಎಲ್ಲಿಗೆ ಅಂತ ಪಕ್ಕದಲ್ಲೇ ಬರೆದಿರುತ್ತೆ, ಔಟ್ ಟು ಔಟ್ ಒಂದು ಸಾಲು, ಬೋಲ್ಟ್ ಸೆಂಟರ್ ಇನ್ನೊಂದು ಸಾಲು. ಕಾಂಕ್ರೀಟ್ ಹಾಕೋ ದಿನ ಬೋಲ್ಟುಗಳ ಮೇಲೆ ಸ್ಟೀಲ್ ಟೆಂಪ್ಲೇಟ್ ಇರ್ಲೇಬೇಕು, ವೈಬ್ರೇಟರ್ ತಾಗಿದ್ರೆ ಬೋಲ್ಟ್ ವಾಲುತ್ತೆ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಪೈಪ್ ಹಾಕಿ ಬಗ್ಗಿಸಿ ಸರಿ ಮಾಡೋದು, ಬೇಸ್ ಪ್ಲೇಟ್ ತೂತನ್ನ ಗ್ಯಾಸಲ್ಲಿ ದೊಡ್ಡದು ಮಾಡೋದು, ಇವೆರಡೂ ನನ್ನ ಸೈಟಲ್ಲಿ ನಡೆಯಲ್ಲ.

ಫೌಂಡೇಶನ್ ಬಗ್ಗೆ ಇನ್ನೊಂದೇ ಮಾತು. ಬಿಲ್ಡಿಂಗಿನ ಮುಖ್ಯ ಫ್ರೇಮುಗಳೂ ಪೋರ್ಟಲ್ ಫ್ರೇಮೇ, ಅದರ ಮೇಲೆ ಭಾರ ಬಿದ್ದಾಗ ಎರಡು ಕಾಲುಗಳೂ ಹೊರಗಡೆಗೆ ಜಾರೋಕೆ ನೋಡುತ್ವೆ, ನುಣುಪು ನೆಲದ ಮೇಲೆ ಕಾಲು ಅಗಲಿಸಿ ನಿಂತ ಹಾಗೆ. ಆ ತಳ್ಳೋ ಬಲನ ಫುಟ್ಟಿಂಗ್ ತಡೀಬೇಕು. ಬುಡ ಗಟ್ಟಿಯಾಗಿ ಕಚ್ಚಿಸಿದ್ರೆ ಸ್ಟೀಲ್ ಕಡಿಮೆ ಆಗುತ್ತೆ, ಫುಟ್ಟಿಂಗ್ ದೊಡ್ಡದಾಗುತ್ತೆ. ಬುಡ ಹಿಂಜ್ ಥರ ಬಿಟ್ರೆ ಸ್ಟೀಲ್ ಸ್ವಲ್ಪ ಜಾಸ್ತಿ, ಫುಟ್ಟಿಂಗ್ ಚಿಕ್ಕದು. ಯಾವುದು ಒಳ್ಳೇದು ಅಂತ ಮಣ್ಣು ಹೇಳಬೇಕು, ಆದ್ದರಿಂದ ಮಣ್ಣಿನ ಪರೀಕ್ಷೆ ರಿಪೋರ್ಟ್ ಇಲ್ಲದೆ ಬರೀ ಸ್ಟೀಲ್ ಟನ್ ಹೋಲಿಸಿ ನೋಡೋದ್ರಲ್ಲಿ ಅರ್ಥ ಇಲ್ಲ.

ನೀರು. ಚಾವಣಿ ಎರಡು ಕಡೆ ಇಳಿಜಾರಿದ್ರೆ ಒಂದೊಂದು ಕಡೆ 900 ಚದರ ಮೀಟರ್, ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಬಿದ್ರೆ ಒಂದು ಕಡೆ ಗಟರಿಗೆ ಸೆಕೆಂಡಿಗೆ 25 ಲೀಟರ್ ನೀರು. ಡೌನ್ ಪೈಪ್ ಎಷ್ಟು, ಎಲ್ಲೆಲ್ಲಿ ಅಂತ ಇದರಿಂದ ಬರುತ್ತೆ, ನೋಡೋಕೆ ಚೆಂದ ಅಂತಲ್ಲ. ಎರಡು ಚಾವಣಿ ಸೇರೋ ಕಣಿವೆಯಲ್ಲಿ ಬರೋ ಗಟರ್ ಸಾಧ್ಯ ಆದಷ್ಟೂ ಬೇಡ ಅಂತೀನಿ ನಾನು, ಅಂಚಿನ ಗಟರ್ ತುಂಬಿದ್ರೆ ನೀರು ಹೊರಗೆ ಚೆಲ್ಲುತ್ತೆ, ಕಣಿವೆ ಗಟರ್ ತುಂಬಿದ್ರೆ ಒಳಗಿರೋ ಮಾಲಿನ ಮೇಲೆ.

ಆದ್ರೆ ಎಲ್ಲಾ ಹನಿನೂ ಮಳೆದಲ್ಲ. ಒಂದು ಗೋಡೌನ್, ಹೊಸದು, "ಚಾವಣಿ ಸೋರ್ತಿದೆ, ರಟ್ಟಿನ ಪೆಟ್ಟಿಗೆ ಎಲ್ಲಾ ಒದ್ದೆ" ಅಂತ ದೂರು. ಶೀಟಿನೋರು ಎರಡು ಸಲ ಬಂದು ಎಲ್ಲಾ ಸ್ಕ್ರೂಗೂ ಸೀಲೆಂಟ್ ಬಳಿದು ಹೋಗಿದ್ರು, ನಿಲ್ಲಲಿಲ್ಲ. ಅವರ ಮಾತಲ್ಲಿ ಒಂದು ವಿಷಯ ಮಾತ್ರ ನನಗೆ ಕೂತ್ಕೊಳ್ಳಲಿಲ್ಲ, ಆ ವಾರ ಮಳೆನೇ ಬಂದಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಹೋಗಿ ಟಾರ್ಚ್ ಬಿಟ್ಟು ಮೇಲೆ ನೋಡಿದೆ. ಶೀಟಿನ ಹೊಟ್ಟೆಗೆ ಹನಿಗಳು ಸಾಲಾಗಿ ಕೂತಿದ್ವು, ಮುತ್ತು ಪೋಣಿಸಿದ ಹಾಗೆ, ಒಂದು ದಪ್ಪ ಆಗಿ ಪಕ್ಕದ್ದನ್ನ ಸೇರಿಸ್ಕೊಂಡು ಶೀಟಿನ ಏಣು ಹಿಡಿದು ಜಾರಿ ಪರ್ಲಿನ್ ತಾಗಿ ಟಪ್ ಅಂತ ಬೀಳ್ತಿತ್ತು. ರಾತ್ರಿ ಬರೀ ಆಕಾಶಕ್ಕೆ ಮುಖ ಮಾಡಿದ ತೆಳು ತಗಡು ಬೇಗ ತಣ್ಣಗಾಗುತ್ತೆ, ಒಳಗಿನ ಬೆಚ್ಚನೆ ತೇವದ ಗಾಳಿ ಅದಕ್ಕೆ ತಾಗಿ ನೀರಾಗುತ್ತೆ, ಅಷ್ಟೇ. ಸೀಲೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ಶೀಟಿನ ಕೆಳಗೆ ಗ್ಲಾಸ್ ವೂಲ್ ಇನ್ಸುಲೇಶನ್, ಅದರ ಬೆಚ್ಚಗಿರೋ ಕಡೆಗೆ ತೇವ ದಾಟದ ಒಂದು ಪದರ, ಜೊತೆಗೆ ಗಾಳಿ ಆಡೋಕೆ ದಾರಿ, ಇಷ್ಟು ಬೇಕಿತ್ತು. ಎಸಿ ಹಾಕಿ ಒಳಗೇ ತಣ್ಣಗಿರೋ ಬಿಲ್ಡಿಂಗಲ್ಲಿ, ಹೊರಗೆ ಸೆಕೆ ಇದ್ರೆ ಬೆಚ್ಚಗಿರೋ ಕಡೆ ಅಂದ್ರೆ ಹೊರಗಡೆ ಅಂತ ನೆನಪಿರಲಿ, ಆ ಪದರ ತಿರುವುಮುರುವು ಹಾಕಿದ್ರೆ ಗ್ಲಾಸ್ ವೂಲ್ ನೀರು ಕುಡಿದು ಜೋತು ಬೀಳುತ್ತೆ.

ಬಿಸಿಲಿನ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. 60 ಮೀಟರ್ ಉದ್ದದ ಸ್ಟೀಲು 30 ಡಿಗ್ರಿ ಬಿಸಿ ಏರಿದ್ರೆ ಹತ್ತಿರ ಹತ್ತಿರ 22 ಮಿಲಿಮೀಟರ್ ಬೆಳೆಯುತ್ತೆ. ಈ ಉದ್ದಕ್ಕೆ ಸಾಮಾನ್ಯವಾಗಿ ಎಕ್ಸ್‌ಪಾನ್ಶನ್ ಜಾಯಿಂಟ್ ಬೇಡ, ಆದ್ರೆ ಬ್ರೇಸಿಂಗನ್ನ ಎರಡೂ ತುದಿಯಲ್ಲಿ ಬಿಗಿದು ಕಟ್ಟೋ ಬದಲು ನಡುವಿನ ಹತ್ತಿರ ಕೊಟ್ರೆ ಅದು ಎರಡೂ ಕಡೆ ಉಸಿರಾಡುತ್ತೆ.

ಬೆಂಕಿ ವಿಷಯಕ್ಕೆ ಬಂದಾಗ ಅವರು "ಸ್ಟೀಲ್ ಸುಡಲ್ಲ ಅಲ್ವಾ ಮೇಡಂ" ಅಂದ್ರು. ಸುಡಲ್ಲ, ನಿಜ. ಕರಗೋಕೂ ಸುಮಾರು 1500 ಡಿಗ್ರಿ ಬೇಕು. ಆದ್ರೆ ಬೀಳೋಕೆ ಕರಗಲೇಬೇಕು ಅಂತಿಲ್ಲ, 550ರಿಂದ 600 ಡಿಗ್ರಿ ಹತ್ತಿರ ಬರೋ ಹೊತ್ತಿಗೆ ಅರ್ಧದಷ್ಟು ಶಕ್ತಿ ಹೋಗಿರುತ್ತೆ, ಸಾಮಾನು ತುಂಬಿದ ಗೋಡೌನಿನ ಬೆಂಕಿ ಆ ಬಿಸಿ ದಾಟೋಕೆ ಹೆಚ್ಚು ಹೊತ್ತು ಬೇಡ. ತೆಳು ಸೆಕ್ಷನ್ ಇನ್ನೂ ಬೇಗ ಕಾಯುತ್ತೆ. ಶಿಕಾಗೋದ ಮೆಕಾರ್ಮಿಕ್ ಪ್ಲೇಸ್ ಅಂತ ದೊಡ್ಡ ಪ್ರದರ್ಶನ ಕಟ್ಟಡ, 1960ರಲ್ಲಿ ಶುರುವಾಗಿದ್ದು, 1967ರ ಜನವರಿ 16ರಂದು ಬೆಂಕಿಗೆ ಚಾವಣಿಯ ಸ್ಟೀಲ್ ಟ್ರಸ್ ಎಲ್ಲಾ ಕುಸಿದು ಬಿತ್ತು, ಆ ಟ್ರಸ್ಸುಗಳಿಗೆ ಬೆಂಕಿ ತಡೆಯೋ ಹೊದಿಕೆ ಇರಲಿಲ್ಲ. ಒಳಗೆ ಮನೆಬಳಕೆ ಸಾಮಾನಿನ ಪ್ರದರ್ಶನಕ್ಕೆ ಮಳಿಗೆಗಳು ಸಜ್ಜಾಗಿದ್ವು. ಇವರ ಶೋರೂಮಲ್ಲೂ ಜನ ಇರ್ತಾರೆ, ಆ ಜನ ಹೊರಗೆ ಬರೋ ತನಕ ಕಾಲಂ ನಿಂತಿರಬೇಕು. ಬಿಸಿ ತಾಗಿದ್ರೆ ಉಬ್ಬಿ ನೊರೆ ಥರ ಹೊದಿಕೆ ಆಗೋ ಪೇಂಟ್ ಇದೆ, ಬೋರ್ಡ್ ಹೊದಿಸಬಹುದು, ಕಾಂಕ್ರೀಟ್ ಸುತ್ತಬಹುದು. ಯಾವುದು ಎಷ್ಟು ಹೊತ್ತು ಅನ್ನೋದು ಆಯಾ ಜಾಗದ ನಿಯಮ ನೋಡಿ ತೀರ್ಮಾನ ಮಾಡೋದು, ಆದ್ರೆ ಪೇಂಟ್ ಕೊಟೇಶನ್ ಬರೋಕೆ ಮುಂಚೆನೇ ತೀರ್ಮಾನ ಆಗಬೇಕು, ಯಾಕಂದ್ರೆ ಕೆಳಗಿನ ಪ್ರೈಮರ್ ಮೇಲಿನ ಪೇಂಟಿಗೆ ಹೊಂದಬೇಕು.

ಇಷ್ಟೆಲ್ಲಾ ಆದ ಮೇಲೆ ಟನ್. ಮೂರು ಕೊಟೇಶನ್ ತರಿಸಿ ಯಾವುದು ಕಡಿಮೆ ಟನ್ ಅದನ್ನ ಆರಿಸೋ ಅಭ್ಯಾಸ ಇದೆಯಲ್ಲ, ಅದನ್ನ ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಟನ್ ಕಡಿಮೆ ಮಾಡೋಕೆ ಒಳ್ಳೇ ದಾರಿಗಳಿದಾವೆ, ಬಲ ಜಾಸ್ತಿ ಇರೋ ಕಡೆ ಆಳ ಜಾಸ್ತಿ, ಕಡಿಮೆ ಇರೋ ಕಡೆ ಸಣ್ಣ ಮಾಡಿ ಟೇಪರ್ ಮಾಡೋದು, ಬೇ ಅಂತರ ಸರಿಯಾಗಿ ಆರಿಸೋದು, ಅದೆಲ್ಲಾ ಜಾಣತನ. ಆದ್ರೆ ಕೊಲ್ಯಾಟರಲ್ ಲೋಡ್ ಸೊನ್ನೆ ಹಿಡಿದ್ರೂ ಟನ್ ಕಡಿಮೆ ಆಗುತ್ತೆ, ಗಾಳಿಗೆ ಬಾಗಿಲು ಮುಚ್ಚೇ ಇರುತ್ತೆ ಅಂದುಕೊಂಡ್ರೂ ಕಡಿಮೆ ಆಗುತ್ತೆ, ಜೋತು ಬೀಳೋ ಮಿತಿ ಸಡಿಲ ಮಾಡಿದ್ರೂ ಕಡಿಮೆ ಆಗುತ್ತೆ. ಹಾಳೆಯಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಅದಕ್ಕೇ ನಾನು ಹೇಳೋದು, ಮೊದಲು ನೀವೇ ಒಂದು ಲೋಡ್ ಪಟ್ಟಿ ಮಾಡಿಸಿ, ಅದೇ ಪಟ್ಟಿನ ಮೂರೂ ಜನಕ್ಕೆ ಕೊಡಿ, ಆಮೇಲೆ ಟನ್ ಹೋಲಿಸಿ.

ಮುಂದೆ ಬೆಳೆಸೋ ಯೋಚನೆ ಇದೆಯಾ ಅಂತ ಕೊನೆಗೆ ಕೇಳಿದೆ. "ಐದಾರು ವರ್ಷ ಬಿಟ್ಟು ಹಿಂದಕ್ಕೆ ಇನ್ನೊಂದು 30 ಮೀಟರ್" ಅಂದ್ರು, ಇದನ್ನ ಮೊದಲೇ ಹೇಳಬಾರದಿತ್ತಾ ಅನ್ನಿಸ್ತು. ತುದಿ ಗೋಡೆಗೆ ಸಾಮಾನ್ಯವಾಗಿ ಸಣ್ಣ ಕಂಬ, ಸಣ್ಣ ಬೀಮ್ ಹಾಕಿ ಮುಗಿಸ್ತಾರೆ, ಅದು ಅರ್ಧ ಬೇ ಚಾವಣಿ ಮಾತ್ರ ಹೊರೋಕೆ ಇರೋದು. ಬೆಳೆಸೋವಾಗ ಅದನ್ನ ಪೂರ್ತಿ ಬಿಚ್ಚಬೇಕು, ಆ ಕಂಬಗಳೆಲ್ಲಾ ನಡು ದಾರಿಗೆ ಬರ್ತವೆ. ಬದಲಿಗೆ ಆ ಕೊನೆಯಲ್ಲೂ ಒಳಗಿನಂಥದ್ದೇ ಪೂರ್ತಿ ಫ್ರೇಮ್ ಇಟ್ಟು, ಫುಟ್ಟಿಂಗೂ ಪೂರ್ತಿ ಭಾರಕ್ಕೆ ಮಾಡಿದ್ರೆ, ಮುಂದೆ ಗೋಡೆ ಶೀಟ್ ಬಿಚ್ಚಿ ಹೊಸ ಪರ್ಲಿನ್ ಬೋಲ್ಟ್ ಮಾಡ್ಕೊಂಡು ಮುಂದುವರಿಯಬಹುದು. ಶೋರೂಮ್ ಮೇಲೆ ಮೆಜನೈನ್ ಬೇಕಾಗಬಹುದು ಅಂತನೂ ಹೇಳಿದ್ರು, ಅದರ ಕಾಲಂಗಳಿಗೆ ಫುಟ್ಟಿಂಗ್ ಈಗ್ಲೇ ಹಾಕಿ ನೆಲದ ಕೆಳಗೆ ಬಿಟ್ಟಿರೋಣ ಅಂದೆ, ಆಮೇಲೆ ಫ್ಲೋರ್ ಒಡೆಯೋದು ತಪ್ಪುತ್ತೆ.

ನಿನ್ನೆ ರಾತ್ರಿ ಅವರ ರ‍್ಯಾಕ್ ಲೇಔಟ್ ಮೇಲ್ ಬಂತು. ಕಾಲಂ ಸಾಲು ಸರಿಯಾಗಿ ಎರಡು ರ‍್ಯಾಕ್ ಬೆನ್ನಿನ ಸಂದಿಗೆ ಕೂತಿದೆ, ಫ್ರೇಮ್ ಒಂಬತ್ತು, ಬೇ ಎಂಟು, ಹಿಂದಿನ ತುದಿಗೆ ಪೂರ್ತಿ ಫ್ರೇಮ್ ಬರೆದಿದೀನಿ. ನಾಲ್ಕನೇ ಬೇನಲ್ಲಿ ಬ್ರೇಸಿಂಗ್ ಪೆನ್ಸಿಲಲ್ಲಿ ಹಾಕಿ ಬಿಟ್ಟಿದೀನಿ, ಇನ್ನೂ ಇಂಕ್ ಮಾಡಿಲ್ಲ, ಲೋಡಿಂಗ್ ಶಟರ್ ಮೂರನೇ ಬೇಗೋ ನಾಲ್ಕನೇ ಬೇಗೋ ಅಂತ ಅವರು ಲಾರಿ ತಿರುಗಿಸೋ ಜಾಗ ಅಳೆದು ಹೇಳ್ತೀನಿ ಅಂದಿದಾರೆ. ಅದು ಬಂದ ಮೇಲೆ ಅವರಿಗೆ ಟನ್ ಹೇಳ್ತೀನಿ.